ನೇಪಾಳಕ್ಕೆ ಹೋಗಿ ಮಕ್ಕಳಿಗೆ ಆರ್ಟ್ ಥೆರಪಿ ಮಾಡಬೇಕು ಅಂತಿದೆ, ಹೋಗಲೋ ಬೇಡವೋ?

ಸಾಧನಕೇರಿ_ಕುಂಚ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಫೈನ್ ಆರ್ಟ್ಸ್ ಡಿಗ್ರಿ ಮುಗಿಸಿ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಬೇಸಿಗೆ ರಜೆಯಲ್ಲಿ ನೇಪಾಳದ ಪೋಖರಾ ಹತ್ತಿರ ಒಂದು ಅನಾಥಾಲಯಕ್ಕೆ ಹೋಗಿ ಮೂರು ವಾರ ಆರ್ಟ್ ಥೆರಪಿ ವಾಲಂಟಿಯರ್ ಆಗುವ ಅವಕಾಶ ಬಂದಿದೆ. ಒಂದು ಏಜೆನ್ಸಿ ಮೂಲಕ. ಟಿಕೆಟ್ ಬಿಟ್ಟು 80 ಸಾವಿರ ರೂಪಾಯಿ. ಊಟ, ವಸತಿ, ಕೊನೆಗೆ ಎರಡು ದಿನ ಟ್ರೆಕ್ಕಿಂಗ್, ಸರ್ಟಿಫಿಕೇಟ್ ಎಲ್ಲಾ ಅದರಲ್ಲೇ. ಅಡ್ವಾನ್ಸ್ ಅಂತ 10 ಸಾವಿರ ಕಟ್ಟಿಯೂ ಆಗಿದೆ.

ಅವ್ವ "ಅಷ್ಟು ದೂರ ಯಾಕವ್ವಾ" ಅನ್ನುತ್ತಾಳೆ. ಅಪ್ಪಾಜಿ ಏನೂ ಅನ್ನುತ್ತಿಲ್ಲ, ಅಂದರೆ ಇಷ್ಟ ಇಲ್ಲ. ನನಗೆ ಮಾತ್ರ ಹೋಗಬೇಕು ಅಂತ ಬಹಳ ಇದೆ. ಕಷ್ಟದಲ್ಲಿರುವ ಮಕ್ಕಳಿಗೆ ಬಣ್ಣ ಕೊಟ್ಟರೆ ಬಾಯಲ್ಲಿ ಹೇಳಲಾರದ್ದನ್ನು ಕಾಗದದ ಮೇಲೆ ಹೇಳುತ್ತಾರೆ ಅಂತ ಓದಿದ್ದೇನೆ. ಇಂಥ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ಏನೇನು ಸಾಮಾನು ಒಯ್ಯಬೇಕು, ಹೇಗೆ ಶುರು ಮಾಡಬೇಕು?

ಉಣಕಲ್_ಕಾಕಾ

ತಂಗಿ, ಮನಸ್ಸು ಒಳ್ಳೆಯದಿದೆ. ಆದರೆ ಪೋಖರಾ ಯಾಕೆ? ಹುಬ್ಬಳ್ಳಿ ಸ್ಟೇಶನ್ನಿಗೆ ಒಂದು ಸಲ ಹೋಗಿ ನೋಡು. ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮ್ ಕಟ್ಟಿ ಜಗತ್ತಿಗೇ ಉದ್ದ ಅಂತ 2023ರಲ್ಲಿ ಉದ್ಘಾಟನೆ ಮಾಡಿದರು. ಆ ಉದ್ದಕ್ಕೂ ನಡೆದರೆ ಮನೆ ಬಿಟ್ಟು ಬಂದ ಒಂದಾದರೂ ಹುಡುಗ ಕಣ್ಣಿಗೆ ಬೀಳುತ್ತಾನೆ. ಗದಗ, ಹಾವೇರಿ ಕಡೆ ಅಪ್ಪ ಅವ್ವ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ, ಅಜ್ಜಿ ಹತ್ತಿರ ಉಳಿದ ಮಕ್ಕಳು ಎಷ್ಟಿಲ್ಲ? 80 ಸಾವಿರದಲ್ಲಿ ಇಲ್ಲಿ ಒಂದು ವರ್ಷ ಬಣ್ಣ ಕಾಗದ ಕೊಡಿಸಬಹುದು.

ಸಾಧನಕೇರಿ_ಕುಂಚ

ಕಾಕಾ, ನೀವು ಹೇಳುವುದು ಸರಿ ಇರಬಹುದು. ಆದರೆ ಯಾರು ಹೊರಗೆ ಹೋಗುತ್ತೇನೆ ಅಂದರೂ ಈ ಮಾತೇ ಬರುತ್ತದೆ. ನಮ್ಮೂರಿನ ಹುಡುಗರು ಅಮೆರಿಕಾಕ್ಕೆ ಸಾಫ್ಟ್‌ವೇರ್ ಬರೆಯಲು ಹೋದರೆ ಪೇಪರಿನಲ್ಲಿ ಫೋಟೋ ಹಾಕುತ್ತಾರೆ. ನಾನು ಮಕ್ಕಳ ಹತ್ತಿರ ಹೋದರೆ ಮಾತ್ರ "ಇಲ್ಲೇ ಇಲ್ವಾ?" ಅನ್ನುತ್ತಾರೆ.

ರಾಣೆಬೆನ್ನೂರು_ರಾಕೆಟ್

ಸರಿಯಾಗಿ ಹೇಳಿದಿರಿ ಅಕ್ಕಾ. ಹೋಗಿ ಬನ್ನಿ. ಈ ವೇದಿಕೆಯಲ್ಲಿ ಯಾರಾದರೂ ಚಹಾ ಕುಡಿಯುತ್ತೇನೆ ಅಂದರೂ "ಸಕ್ಕರೆ ಬೇಡ, ಬೆಲ್ಲ ಹಾಕಿ" ಅನ್ನುವವರು ಇದ್ದೇ ಇರುತ್ತಾರೆ.

ಕೌನ್ಸೆಲರ್_ಹುಬ್ಬಳ್ಳಿ

ನಾನು ಮಕ್ಕಳ ಮಾನಸಿಕ ಆರೋಗ್ಯದ ಕೆಲಸದಲ್ಲಿದ್ದೇನೆ. ಇಲ್ಲಿ ದೂರ ಹತ್ತಿರದ ಪ್ರಶ್ನೆ ದೊಡ್ಡದಲ್ಲ ಅಂತ ನನಗನಿಸುತ್ತದೆ. ಮೂರು ವಾರ ಅನ್ನುವುದು ದೊಡ್ಡ ಪ್ರಶ್ನೆ. ಅದು ಹುಬ್ಬಳ್ಳಿಯಲ್ಲಾದರೂ ಅಷ್ಟೇ.

ಮನೆಯಿಂದ ದೂರ ಬೆಳೆಯುವ ಮಗುವಿನ ಬದುಕಿನಲ್ಲಿ ಹಿರಿಯರು ಬರುತ್ತಾರೆ, ಹೋಗುತ್ತಾರೆ. ನೀವು ಬಂದಿರಿ. ಬಣ್ಣ ತಂದಿರಿ. ಪ್ರೀತಿಯಿಂದ ಮಾತಾಡಿದಿರಿ. ಮೊದಲ ವಾರ ಮಗು ದೂರ ನಿಂತು ನೋಡುತ್ತದೆ. ಎರಡನೇ ವಾರ ಹತ್ತಿರ ಬರುತ್ತದೆ. ಮೂರನೇ ವಾರ ಏನೋ ಒಂದನ್ನು ಬರೆದು ನಿಮ್ಮ ಕೈಗೆ ಕೊಡುತ್ತದೆ. ಅಷ್ಟರಲ್ಲಿ ನಿಮ್ಮ ಟ್ರೆಕ್ಕಿಂಗ್ ದಿನ ಬಂತು! ಆಮೇಲೆ ಆ ಚಿತ್ರದ ಹಿಂದಿನ ನೋವನ್ನು ಯಾರು ನೋಡಿಕೊಳ್ಳುತ್ತಾರೆ? ಮುಂದಿನ ವಾರ ಇನ್ನೊಬ್ಬ ವಾಲಂಟಿಯರ್ ಬರುತ್ತಾರೆ, ಮತ್ತೆ ಅದೇ ಕಥೆ. ಇಂಥ ಕಡೆ ಕೆಲವು ಮಕ್ಕಳು ಯಾರು ಬಂದರೂ ಓಡಿ ಹೋಗಿ ತಬ್ಬಿಕೊಳ್ಳುತ್ತಾರೆ. ಬಂದವರಿಗೆ ಖುಷಿಯಾಗುತ್ತದೆ. ನಮಗೆ ಅದನ್ನು ಕಂಡರೆ ಚಿಂತೆ. ಗುರುತೇ ಇಲ್ಲದವರ ತೊಡೆ ಏರುವ ಮಗು ಯಾರ ಜೊತೆ ಬೇಕಾದರೂ ಹೋಗಿಬಿಡಬಹುದು.

ಏಜೆನ್ಸಿಗೆ ಇಷ್ಟು ಕೇಳಿ ನೋಡಿ: ಅಲ್ಲಿ ಕಾಯಂ ಕೌನ್ಸೆಲರ್ ಇದ್ದಾರಾ? ನಿಮ್ಮ ಕೆಲಸವನ್ನು ನೋಡಿ ತಿದ್ದುವವರು ಯಾರು? ನಿಮ್ಮ ಪೊಲೀಸ್ ಕ್ಲಿಯರೆನ್ಸ್ ಕೇಳಿದರಾ?

ಸಾಧನಕೇರಿ_ಕುಂಚ

ಪೊಲೀಸ್ ಕ್ಲಿಯರೆನ್ಸ್ ಕೇಳಿಲ್ಲ. ಆಧಾರ್, ಒಂದು ಫೋಟೋ, ಟೀ ಶರ್ಟ್ ಸೈಜ್ ಕೇಳಿದರು. ಅಷ್ಟೇ.

ವಕೀಲ_ಹಾವೇರಿ

ಟೀ ಶರ್ಟ್ ಸೈಜ್ ಕೇಳಿದವರಿಗೆ ಪೊಲೀಸ್ ಸರ್ಟಿಫಿಕೇಟ್ ಕೇಳುವುದು ನೆನಪಾಗಲಿಲ್ಲ ನೋಡಿ! ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ, ಅರ್ಜಿ ಹಾಕಿದರೆ ಪಿ.ಸಿ.ಸಿ. (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಸಿಗುತ್ತದೆ, ದೊಡ್ಡ ಕೆಲಸವೇನಲ್ಲ. ಕೇಳದೇ ಒಳಗೆ ಬಿಡುವ ಜಾಗ ನಿಮ್ಮನ್ನಷ್ಟೇ ಅಲ್ಲ, ಯಾರನ್ನಾದರೂ ಒಳಗೆ ಬಿಡುತ್ತದೆ.

ಇನ್ನೊಂದು. ಅಲ್ಲಿರುವ ಮಕ್ಕಳು ನಿಜಕ್ಕೂ ಅನಾಥರಾ ಅಂತ ಕೇಳಿದ್ದೀರಾ? ನೇಪಾಳದಲ್ಲಿ 1996ರಿಂದ 2006ರವರೆಗೆ ಒಳಯುದ್ಧ ನಡೆಯಿತು. ಆ ಕಾಲದಲ್ಲಿ ಹುಮ್ಲಾದಂಥ ಗುಡ್ಡಗಾಡು ಜಿಲ್ಲೆಗಳಿಗೆ ಏಜೆಂಟರು ಹೋಗಿ, "ಮಗುವಿಗೆ ಪಟ್ಟಣದಲ್ಲಿ ಓದು ಕೊಡಿಸುತ್ತೇವೆ" ಅಂತ ತಂದೆ ತಾಯಿಯ ಹತ್ತಿರ ದುಡ್ಡು ತೆಗೆದುಕೊಂಡು ಕರೆತಂದರು. ಕಾಗದದ ಮೇಲೆ ಅನಾಥ ಅಂತ ಬರೆಸಿದರು. ಯುದ್ಧ ಮುಗಿದರೂ ದಂಧೆ ಮುಗಿಯಲಿಲ್ಲ. ಇಂಥ ಮನೆಗಳು ಹೆಚ್ಚಾಗಿ ಇರುವುದು ಕಠ್ಮಂಡು, ಲಲಿತಪುರ, ಪೋಖರಾ ಸುತ್ತಮುತ್ತ. ಬಡತನ ಜಾಸ್ತಿ ಇರುವುದು ಬೇರೆ ಕಡೆ. ಟೂರಿಸ್ಟ್ ಬರುವ ಕಡೆಯೇ ಅನಾಥಾಲಯ ಯಾಕೆ ಜಾಸ್ತಿ ಅಂತ ನೀವೇ ಯೋಚಿಸಿ. ಕಾಂಬೋಡಿಯಾದ್ದೂ ಇದೇ ಕಥೆ. ಅಲ್ಲಿನ ಅನಾಥಾಲಯಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಅಂತ ಯುನಿಸೆಫ್ ಜೊತೆಗಿನ ಸಮೀಕ್ಷೆಯಲ್ಲೇ ಬಂತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಮಕ್ಕಳ ಹಕ್ಕಿನ ನಿರ್ಣಯದಲ್ಲಿ, ಅನಾಥಾಲಯದ ವಾಲಂಟಿಯರ್ ಪ್ರವಾಸದಿಂದ ಆಗುವ ಹಾನಿಯನ್ನು ತಡೆಯಿರಿ ಅಂತ ದೇಶಗಳಿಗೆ ಹೇಳಿತು.

ನಿಮ್ಮ 80 ಸಾವಿರ ಮಗುವಿಗೆ ಹೋಗುತ್ತದೋ, ಮಗುವನ್ನು ಮನೆಯಿಂದ ದೂರ ಇಡುವವರಿಗೆ ಹೋಗುತ್ತದೋ, ಅದನ್ನು ಮೊದಲು ತಿಳಿದುಕೊಳ್ಳಿ.

ರಾಣೆಬೆನ್ನೂರು_ರಾಕೆಟ್

ವಕೀಲರೇ, ಎಲ್ಲಾ ಕಡೆ ಹಾಗೇ ಇರಲ್ಲ ಅಲ್ವಾ? ಒಳ್ಳೆಯ ಸಂಸ್ಥೆಗಳೂ ಇರುತ್ತವೆ. ಕೆಟ್ಟವರಿದ್ದಾರೆ ಅಂತ ಒಳ್ಳೆಯವರೂ ಮನೆಯಲ್ಲಿ ಕೂತರೆ ಹೇಗೆ?

ಮೇಷ್ಟ್ರು_ಗದಗ

ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ಧಾರವಾಡದಲ್ಲಿ ಹಾಲಭಾವಿ, ನಮ್ಮ ಗದಗಿನಲ್ಲಿ ಟಿ.ಪಿ. ಅಕ್ಕಿ ಕಲಾಶಾಲೆ ಕಟ್ಟಿದ ನೆಲ ಇದು. ಈ ಭಾಗದ ಸಾಲೆಗಳಿಗೆ ಚಿತ್ರಕಲಾ ಮಾಸ್ತರರು ಬಂದದ್ದು ಇಂಥ ಕಡೆಯಿಂದಲೇ. ಹಾಗಾಗಿ ನಮ್ಮ ಹುಡುಗಿ ಕುಂಚ ಹಿಡಿದು ಹೊರಟಿದ್ದಾಳೆ ಅಂದರೆ ನನಗೆ ಹೆಮ್ಮೆಯೇ. ಆದರೂ ಎರಡು ಮಾತು.

ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅಂತ ಒಬ್ಬ ಕಲಾವಿದೆ ಇದ್ದಳು. ವಿಯೆನ್ನಾದವಳು, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತವಳು, ಯಹೂದಿ. 1942ರ ಡಿಸೆಂಬರಿನಲ್ಲಿ ನಾಜಿಗಳು ಅವಳನ್ನು ಗಂಡನ ಜೊತೆ ಯಹೂದಿಗಳನ್ನು ಕೂಡಿಹಾಕುತ್ತಿದ್ದ ಟೆರೆಜಿನ್ ಎಂಬ ಘೆಟ್ಟೋಗೆ ಸಾಗಿಸಿದರು. ಒಯ್ಯಲು ಬಿಟ್ಟ ಸ್ವಲ್ಪ ಸಾಮಾನಿನಲ್ಲೇ ಅವಳು ಕಾಗದ, ಬಣ್ಣ ತುಂಬಿಕೊಂಡು ಹೋದಳು. ಅಲ್ಲಿನ ಮಕ್ಕಳಿಗೆ ಚಿತ್ರ ಕಲಿಸಿದಳು. ಕಾಗದ ಸಾಲದಿದ್ದಾಗ ಆಫೀಸಿನ ಹಳೇ ಫಾರಂಗಳ ಹಿಂದೆಯೇ ಬರೆಸಿದಳು. ಪ್ರತಿ ಚಿತ್ರಕ್ಕೂ ಮಗು ತನ್ನ ಹೆಸರು ಬರೆಯಬೇಕು ಅಂತ ಅವಳ ಕಟ್ಟಪ್ಪಣೆ. ನಂಬರ್ ಕೊಟ್ಟು ಎಣಿಸುತ್ತಿದ್ದ ಜಾಗದಲ್ಲಿ ಹೆಸರು! 1944ರ ಅಕ್ಟೋಬರಿನಲ್ಲಿ ಅವಳನ್ನು ಆಶ್‌ವಿಟ್ಜ್‌ಗೆ ಒಯ್ದು ಕೊಂದರು. ಹೋಗುವ ಮೊದಲು ಎರಡು ಸೂಟ್‌ಕೇಸಿನಲ್ಲಿ ಸುಮಾರು 4,500 ಚಿತ್ರ ಬಚ್ಚಿಟ್ಟಿದ್ದಳು. ಇಂದು ಅವು ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಬರೆದ ಮಕ್ಕಳಲ್ಲಿ ಬದುಕಿ ಉಳಿದವರು ಬಹಳ ಕಡಿಮೆ.

ಅವಳ ಶಿಷ್ಯೆ ಈಡಿತ್ ಕ್ರೇಮರ್ ನ್ಯೂಯಾರ್ಕಿಗೆ ಹೋಗಿ ಮಕ್ಕಳ ಆರ್ಟ್ ಥೆರಪಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬಳಾದಳು. ಚಿತ್ರ ಬಿಡಿಸುವ ಕೆಲಸವೇ ಮಗುವನ್ನು ಎತ್ತಿ ನಿಲ್ಲಿಸುತ್ತದೆ ಅಂತ ಅವಳ ನಂಬಿಕೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಇದನ್ನು ಹೇಳಲು ಕಾರಣ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ನಮ್ಮ ನರಗುಂದ ತಾಲೂಕಿನ ಕೊಣ್ಣೂರಿಗೆ ನೀರು ನುಗ್ಗಿತು. ಪರಿಹಾರ ಕೇಂದ್ರದ ಮಕ್ಕಳಿಗೆ ನಾವು ಕೆಲವರು ಬಣ್ಣ ಒಯ್ದೆವು. ಒಬ್ಬ ಹುಡುಗ ಹಾಳೆ ತುಂಬ ಕರಿ ಬಳಿಯುತ್ತ ಕೂತಿದ್ದ. ಊರಿನಿಂದಾಚೆ ಬಂದಿದ್ದ ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆದು, "ಟ್ರಾಮಾ ನೋಡಿ ಸರ್, ಒಳಗಿನ ಕತ್ತಲೆ" ಅಂದರು. ನಾನು ಹುಡುಗನ ಪಕ್ಕ ಕೂತು, "ಏನಪಾ ಇದು?" ಅಂದೆ. "ಎಮ್ಮಿರೀ. ಕೋಡು ಇನ್ನೂ ಹಾಕಿಲ್ಲ" ಅಂದ. ಪೂರಾ ಹಾಳೆಯೇ ಎಮ್ಮೆ! ಅವನ ಕೈಗೆ ಸಿಕ್ಕದ್ದೂ ಕರಿ ಕ್ರೇಯಾನ್ ಒಂದೇ, ಉಳಿದವನ್ನು ದೊಡ್ಡ ಹುಡುಗರು ಹಿಡಿದಿದ್ದರು. ಮನೆಯ ಎಮ್ಮೆ ನೀರಲ್ಲಿ ಹೋಗಿತ್ತು ಅಂತ ಎರಡು ದಿನದ ಮೇಲೆ ಅವನ ಅಜ್ಜಿ ಹೇಳಿದಳು. ಹಾಗಾದರೆ ಅದು ದುಃಖದ ಚಿತ್ರವೋ ಅಲ್ಲವೋ? ಇರಬಹುದು. ಆದರೆ ಕರಿ ಬಣ್ಣ ನೋಡಿ ಹೇಳುವಂಥದ್ದಲ್ಲ. ಅಜ್ಜಿಯ ಮಾತು, ಅವನ ಮಾತು, ಎಮ್ಮೆಯ ಹೆಸರು ಎಲ್ಲಾ ಗೊತ್ತಿರಬೇಕು.

ಲೀಡ್ಸ್_ಧಾರವಾಡ_ಪೇಡಾ

ಮೇಷ್ಟ್ರೇ, ನಿಮ್ಮ ಎಮ್ಮೆ ಕಥೆಯನ್ನು ನಮ್ಮ ಕ್ಲಾಸಿನಲ್ಲಿ ಹೇಳಬೇಕು. ನಾನು ಇಂಗ್ಲೆಂಡಿನಲ್ಲಿ ಆರ್ಟ್ ಥೆರಪಿ ಓದುತ್ತಿದ್ದೇನೆ. ಇಲ್ಲಿ ಸ್ನಾತಕೋತ್ತರ ಪದವಿ ಮಾಡಿ ಎಚ್‌.ಸಿ.ಪಿ.ಸಿ. ಎಂಬ ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸದೆ ಯಾರೂ ಆರ್ಟ್ ಥೆರಪಿಸ್ಟ್ ಅಂತ ಬೋರ್ಡ್ ಹಾಕುವಂತಿಲ್ಲ. ಕಾನೂನೇ ಬಿಡುವುದಿಲ್ಲ. ಈ ದೇಶದಲ್ಲಿ ಮಾಡಲಾಗದ್ದನ್ನು ಇಲ್ಲಿನ ಕಾಲೇಜು ಹುಡುಗರು ದುಡ್ಡು ಕೊಟ್ಟು ನೇಪಾಳದಲ್ಲೋ ಘಾನಾದಲ್ಲೋ ಮಾಡಿ ಬರುತ್ತಾರೆ. ನನಗೆ ಸಿಟ್ಟು ಬರುವುದೇ ಇದಕ್ಕೆ. ಬಡ ದೇಶದ ಮಗು ಅಂದರೆ ಯಾರು ಬೇಕಾದರೂ ಕೈ ಹಚ್ಚಬಹುದಾ?

ಅಕ್ಕಾ, ನಿಮಗೆ ಬೈಯುತ್ತಿಲ್ಲ. ನಿಮ್ಮ ಕೈಯಲ್ಲಿ ನಿಜವಾದ ವಿದ್ಯೆ ಇದೆ. ಮಕ್ಕಳ ಜೊತೆ ಚಿತ್ರ ಮಾಡುವುದಕ್ಕೆ ಥೆರಪಿ ಡಿಗ್ರಿ ಬೇಕಿಲ್ಲ. ಆದರೆ ಅದನ್ನು ಚಿಕಿತ್ಸೆ ಅಂತ ಮಾರುವವರ ಕೈಗೆ ಸಿಕ್ಕಬೇಡಿ. "ನಿನ್ನ ಮನೆ ಬರಿ, ನಿನ್ನ ಭಯ ಬರಿ" ಅಂತ ಕೆಣಕಲೇ ಬೇಡಿ. ತೆರೆದ ಗಾಯವನ್ನು ಮುಚ್ಚುವುದು ಗೊತ್ತಿದ್ದವರು ಮಾತ್ರ ತೆರೆಯಬೇಕು.

ಸಾಮಾನಿನ ಬಗ್ಗೆ ಕೇಳಿದಿರಲ್ಲ. ನೀರು ಬಣ್ಣ ಹರಿದಾಡುತ್ತದೆ, ಕೈಗೆ ಸಿಗುವುದಿಲ್ಲ. ಮೊದಲೇ ಗಾಬರಿಯಲ್ಲಿರುವ ಮಗುವಿಗೆ ಅದು ಇನ್ನಷ್ಟು ಗಾಬರಿ. ಪೆನ್ಸಿಲ್, ಕ್ರೇಯಾನ್, ಕಾಗದ ಹರಿದು ಅಂಟಿಸುವುದು, ಇವು ಮಗುವಿನ ಹಿಡಿತದಲ್ಲಿರುತ್ತವೆ. ಅಲ್ಲಿಂದ ಶುರು ಮಾಡಿ, ಮಗು ತಾನಾಗಿ ಬಯಸಿದಾಗ ಒದ್ದೆ ಬಣ್ಣಕ್ಕೆ ಹೋಗಬೇಕು.

ನವಲಗುಂದ_ಅಕ್ಕ

ಮಣ್ಣನ್ನು ಮರೆತಿರಲ್ಲ! ನಮ್ಮ ಮಕ್ಕಳಿಗೆ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಯಾರೂ ಕಲಿಸಬೇಕಿಲ್ಲ. ಎರಡು ಎತ್ತು, ಮೇವು ಹಾಕಲು ಒಂದು ಗ್ವಾದಲಿ. ಆಷಾಢದಲ್ಲಿ ಮಣ್ಣಿನ ಗೊಂಬೆ ಗುಳ್ಳವ್ವ, ಮೈತುಂಬ ಗುಲಗಂಜಿ, ಕುಸುಬಿ ಚುಚ್ಚುವುದು. ನಾನು ಅಂಗನವಾಡಿಯಲ್ಲಿದ್ದೇನೆ. ಕಾಗದ ಕೊಟ್ಟರೆ "ನನಗೆ ಬರಲ್ಲ" ಅಂತ ಕೈ ಕಟ್ಟಿ ಕೂರುವ ಕೂಸು, ಮಣ್ಣು ಕೊಟ್ಟರೆ ಸುಮ್ನೆ ನಾದಲು ಶುರು ಮಾಡುತ್ತದೆ. ತಪ್ಪಾದರೆ ಉಂಡೆ ಮಾಡಿ ಮತ್ತೆ ಮಾಡುತ್ತದೆ. ಅಪ್ಪ ಹೊಡೆಯುವ ಮನೆಯ ಒಂದು ಹುಡುಗಿ ಎತ್ತು ಮಾಡಿ ಅದರ ಕೋಡನ್ನು ಮುರಿದು ಮುರಿದು ಹಚ್ಚುತ್ತಿದ್ದಳು. ನಾನು ಏನೂ ಕೇಳಲಿಲ್ಲ, ಇನ್ನಷ್ಟು ಮಣ್ಣು ಕೊಟ್ಟೆ. ಒಂದು ಮಾತು: ಹೊಲದ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಕೂಸು ಅಳುತ್ತದೆ. ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ತನ್ನಿ.

ಕೌನ್ಸೆಲರ್_ಹುಬ್ಬಳ್ಳಿ

ಅಕ್ಕಾ, ನೀವು ಮಾಡಿದ್ದು ಸರಿಯಾಗಿದೆ. ಆದರೆ ಮನೆಯಲ್ಲಿ ಹೊಡೆತ ಇದೆ ಅಂತ ಗೊತ್ತಿದ್ದಾಗ ಮಣ್ಣಿನ ಜೊತೆ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆಯೂ ಹೋಗಬೇಕು. ಮೇಲ್ವಿಚಾರಕಿಗೆ ಹೇಳಿದ್ದೀರಲ್ಲ?

ನವಲಗುಂದ_ಅಕ್ಕ

ಹೇಳಿದ್ದೇನೆ. ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ಹೋದರು. ಈಗಲೂ ವಿಚಾರಿಸುತ್ತಾರೆ.

ಹಳೇಹುಬ್ಬಳ್ಳಿ_ಹಿಮಾಲಯ

ನಾನು ನೇಪಾಳದಲ್ಲಿ ಕೆಲಸ ಮಾಡಿ ಬಂದವಳು. 2015ರ ಏಪ್ರಿಲ್ 25ರ ಭೂಕಂಪದ ನಂತರ ಹೋಗಿದ್ದೆ. ಹೋಗುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹೇಗೆ ಹೋಗಬೇಕು ಅಂತ ಹೇಳುತ್ತೇನೆ.

ನಾನಿದ್ದ ಕಡೆ ಹೊರಗಿನವರನ್ನು ನೇರವಾಗಿ ಮಕ್ಕಳ ಗುಂಪಿಗೆ ಬಿಡುತ್ತಿರಲಿಲ್ಲ. ಮೊದಲು ನನಗದು ಸರಿ ಬರಲಿಲ್ಲ, ಅಷ್ಟು ದೂರ ಬಂದು ಕಾಗದ ಕತ್ತರಿಸಬೇಕಾ ಅಂತ. ಆಮೇಲೆ ತಿಳಿಯಿತು. ಗುಂಪು ನಡೆಸುತ್ತಿದ್ದವರು ಅದೇ ಊರಿನ ಶಾಲೆಯ ಟೀಚರುಗಳು. ಅವರ ಮನೆಗಳೂ ಬಿದ್ದಿದ್ದವು. ನನ್ನ ಕೆಲಸ ಅವರ ಜೊತೆ ಮಧ್ಯಾಹ್ನ ಕೂತು, ಅವರಿಗೇ ಬಣ್ಣ ಕೊಟ್ಟು ಬರೆಸುವುದು, ಮರುದಿನದ ಗುಂಪಿಗೆ ಏನು ಮಾಡಬಹುದು ಅಂತ ಒಟ್ಟಿಗೆ ಯೋಚಿಸುವುದು. ಹಿಂದಿಯಲ್ಲಿ ಟೀಚರುಗಳ ಜೊತೆ ಕೆಲಸ ನಡೆಯುತ್ತದೆ. ಆದರೆ ಆರು ವರ್ಷದ, ಮನೆಯಲ್ಲಿ ತಮಾಂಗ್ ಭಾಷೆ ಆಡುವ ಹುಡುಗಿ ಅಳುವುದು ಹಿಂದಿಯಲ್ಲಲ್ಲ, ನೇಪಾಳಿಯಲ್ಲೂ ಅಲ್ಲ. ಅವಳ ಟೀಚರಿಗೆ ಅದು ಅರ್ಥವಾಗುತ್ತಿತ್ತು. ನಾನು ವಾಪಸ್ ಬಂದ ಮೇಲೂ ಗುಂಪು ನಿಲ್ಲಲಿಲ್ಲ, ಯಾಕಂದರೆ ಅದು ನನ್ನದಾಗಿರಲೇ ಇಲ್ಲ.

ಶ್ರೀಲಂಕಾದ ಬಟ್ಟಿಕಲೋವಾದಲ್ಲಿ ಬಟರ್‌ಫ್ಲೈ ಪೀಸ್ ಗಾರ್ಡನ್ ಅಂತ 1996ರಲ್ಲಿ ಶುರುವಾಗಿತ್ತು. ಶುರು ಮಾಡಿದವರಲ್ಲಿ ಕೆನಡಾದ ಕಲಾವಿದರೊಬ್ಬರಿದ್ದರು. ಯುದ್ಧದ ನಡುವೆ ತಮಿಳು, ಮುಸ್ಲಿಂ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ತಿಂಗಳುಗಟ್ಟಲೆ ಚಿತ್ರ, ಮಣ್ಣು, ಕಥೆ, ನಾಟಕ ಮಾಡಿಸುತ್ತಿದ್ದರು. ಮಕ್ಕಳ ಜೊತೆ ಇರುತ್ತಿದ್ದವರು ಅದೇ ಊರಿನ ಯುವಕ ಯುವತಿಯರು. ಹೊರಗಿನವರು ಹೋಗಿ ಒಳ್ಳೆಯದಾಗುವುದು ಹೀಗೆ.

ದುಡ್ಡು ಕಟ್ಟದೇ ಹೋಗುವ ದಾರಿ ಬೇಕಿದ್ದರೆ ಯು.ಎನ್. ವಾಲಂಟಿಯರ್ಸ್ ನೋಡಿ. ಜರ್ಮನಿಯ ಬಾನ್‌ನಲ್ಲಿ ಅವರ ಮುಖ್ಯ ಕಚೇರಿ. ಅಲ್ಲಿ ನೀವು ಕೊಡುವುದಿಲ್ಲ, ಅವರೇ ಖರ್ಚಿಗೆ ಕೊಡುತ್ತಾರೆ. ಆದರೆ ಅನುಭವ ಕೇಳುತ್ತಾರೆ, ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಮನೆಯಲ್ಲೇ ಕೂತು ಮಾಡುವ ಆನ್‌ಲೈನ್ ಕೆಲಸವೂ ಅವರಲ್ಲಿದೆ.

ರಾಣೆಬೆನ್ನೂರು_ರಾಕೆಟ್

ಇದು ಒಪ್ಪತಕ್ಕ ಮಾತು. ಮೊದಲೇ ಹೀಗೆ ಹೇಳಿದ್ದರೆ ನಾನು ಬೆಲ್ಲದ ಜೋಕ್ ಹೊಡೆಯುತ್ತಿರಲಿಲ್ಲ.

ಸಾಧನಕೇರಿ_ಕುಂಚ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಏಜೆನ್ಸಿಗೆ ಫೋನ್ ಮಾಡಿ ಕೌನ್ಸೆಲರ್ ಮೇಡಂ ಹೇಳಿದ್ದನ್ನೆಲ್ಲಾ ಕೇಳಿದೆ. ಕಾಯಂ ಕೌನ್ಸೆಲರ್ ಇಲ್ಲ. "ವಾಲಂಟಿಯರ್‌ಗಳೇ ನಮ್ಮ ಕೌನ್ಸೆಲರ್" ಅಂದರು. ಮಕ್ಕಳ ತಂದೆ ತಾಯಿ ಬಗ್ಗೆ ಕೇಳಿದರೆ, "ಅದೆಲ್ಲಾ ಅಲ್ಲಿನವರು ನೋಡಿಕೊಳ್ಳುತ್ತಾರೆ." ಮಕ್ಕಳ ಜೊತೆ ಫೋಟೋ ತೆಗೆಯಬಹುದಾ ಅಂದೆ. "ತೆಗೆಯಿರಿ, ನಮ್ಮ ಪೇಜನ್ನು ಟ್ಯಾಗ್ ಮಾಡಿ, ಮುಂದಿನ ಸಲ ಡಿಸ್ಕೌಂಟ್ ಕೊಡುತ್ತೇವೆ" ಅಂದರು. ಅಲ್ಲಿಗೆ ನಾನು ಫೋನ್ ಇಟ್ಟೆ.

ಹೋಗುತ್ತಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ, "ನಾ ಮೊದಲೇ ಹೇಳಿದ್ದೆ" ಅನ್ನುತ್ತಾಳೆ ಅಂತ. ಆದರೆ ಉಣಕಲ್ ಕಾಕಾ ಗೆದ್ದರು ಅಂತ ತಿಳಿಯಬೇಡಿ! ಹಿಮಾಲಯ ಅಕ್ಕ ಹೇಳಿದ ಥರದ ಕೆಲಸಕ್ಕೆ ಹೋಗಲು ಏನು ಕಲಿಯಬೇಕು, ಎಲ್ಲಿಂದ ಶುರು ಮಾಡಬೇಕು?

ಕೌನ್ಸೆಲರ್_ಹುಬ್ಬಳ್ಳಿ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂವಾದ್ ಅಂತ ಒಂದು ಕಾರ್ಯಕ್ರಮ ಇದೆ. ಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತಾರೆ, ಸಾಮಗ್ರಿ ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಚಿತ್ರ, ಆಟ, ಕಥೆ ಬಳಸುವ ವಿಧಾನಗಳು ಅದರಲ್ಲಿವೆ. ವಿಪತ್ತಿನ ಸಮಯದ ಮಾನಸಿಕ ನೆರವಿಗೆ ಐ.ಎ.ಎಸ್.ಸಿ. (ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ಇತರ ನೆರವು ಸಂಸ್ಥೆಗಳ ಒಕ್ಕೂಟ) 2007ರಲ್ಲಿ ತಂದ ಮಾರ್ಗಸೂಚಿಯನ್ನೂ ಓದಿ. ಅದರಲ್ಲಿ ನಾಲ್ಕು ಹಂತ ಹೇಳುತ್ತಾರೆ. ಕೆಳಗೆ ಅನ್ನ, ನೀರು, ಸುರಕ್ಷತೆ. ಅದರ ಮೇಲೆ ಮನೆಯವರು, ಓಣಿಯವರು. ಅದರ ಮೇಲೆ ತರಬೇತಿ ಪಡೆದವರ ನೆರವು. ತುದಿಯಲ್ಲಿ ಮಾತ್ರ ಡಾಕ್ಟರು, ಸೈಕಾಲಜಿಸ್ಟು. ನಿಮ್ಮಂಥವರ ಜಾಗ ಎರಡನೇ ಮತ್ತು ಮೂರನೇ ಹಂತದಲ್ಲಿದೆ, ಅದು ಚಿಕ್ಕ ಜಾಗವಲ್ಲ.

ಇಲ್ಲಿ ಅನುಭವ ಬೇಕಿದ್ದರೆ, ನಾವು ಕೆಲವರು ಶನಿವಾರ ಮಕ್ಕಳ ಗುಂಪು ನಡೆಸುತ್ತೇವೆ. ಒಂದು ಶೈಕ್ಷಣಿಕ ವರ್ಷ ಪೂರ್ತಿ ಬರುವವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ. ಪಿ.ಸಿ.ಸಿ. ಬೇಕು. ಒಂದು ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ, ಯಾವಾಗಲೂ ಇಬ್ಬರು. ಮೊಬೈಲ್ ಬಾಗಿಲ ಹೊರಗೆ. ಚಿತ್ರ ಮಗುವಿನದು, ಮನೆಗೆ ಒಯ್ಯುತ್ತೋ ಹರಿದು ಹಾಕುತ್ತೋ ಅದರ ಇಷ್ಟ. ಮೊದಲ ತಿಂಗಳು ನಿಮಗೆ ಕ್ರೇಯಾನ್ ಹಂಚುವ ಕೆಲಸ ಅಷ್ಟೇ.

ವಕೀಲ_ಹಾವೇರಿ

ಫೋಟೋ ವಿಷಯ ಬಂತಲ್ಲ, ಇದನ್ನೂ ತಿಳಿದುಕೊಳ್ಳಿ. ನಮ್ಮ ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ, ಪಾಲನೆ ರಕ್ಷಣೆಯಲ್ಲಿರುವ ಮಗುವಿನ ಹೆಸರು, ಶಾಲೆ, ಫೋಟೋ ಯಾವ ಮಾಧ್ಯಮದಲ್ಲೂ ಹಾಕುವಂತಿಲ್ಲ. ಮತ್ತೆ ಚಿತ್ರ ಬಿಡಿಸುತ್ತ ಮಗು ಲೈಂಗಿಕ ದೌರ್ಜನ್ಯದ ಸಂಗತಿ ಬಾಯಿಬಿಟ್ಟರೆ, ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಬೇಡಿ. ಕೆದಕಿ ಕೆದಕಿ ಕೇಳಲೂ ಬೇಡಿ.

ಉಣಕಲ್_ಕಾಕಾ

ನಾನು ಗೆಲ್ಲದಿದ್ದರೂ ಪರವಾಗಿಲ್ಲ ತಂಗಿ. ಶನಿವಾರದ ಗುಂಪಿಗೆ ಕ್ರೇಯಾನ್ ನನ್ನ ಕಡೆಯಿಂದ. ಕರಿ ಬಣ್ಣದ್ದು ಜಾಸ್ತಿ ತರುತ್ತೇನೆ, ಎಮ್ಮೆಗೆ ಬೇಕಾಗುತ್ತದೆ.

ಹಳೇಹುಬ್ಬಳ್ಳಿ_ಹಿಮಾಲಯ

ಕಾಕಾ, ಒಂದೊಂದು ಮಗುವಿಗೆ ಒಂದೊಂದು ಪೂರಾ ಡಬ್ಬಿ ಬರುವ ಹಾಗೆ ತನ್ನಿ. ಹಂಚಿಕೊಳ್ಳಿ ಅಂದರೆ ಜಗಳವೇ. ಕುಂಚ ಅವರೇ, ಈ ವರ್ಷ ಗುಂಪಿನಲ್ಲಿರಿ, ನೇಪಾಳಿ ಸ್ವಲ್ಪ ಕಲಿಯಿರಿ. ಆಮೇಲೆ ನನಗೆ ಮೆಸೇಜ್ ಮಾಡಿ. ಟೀಚರುಗಳ ತರಬೇತಿ ಮಾಡುವವರ ಪರಿಚಯ ಮಾಡಿಸುತ್ತೇನೆ.

ರಾಣೆಬೆನ್ನೂರು_ರಾಕೆಟ್

ಎಲ್ಲಾ ಸರಿ, ಆ ಅಡ್ವಾನ್ಸ್ 10 ಸಾವಿರ ವಾಪಸ್ ಬರುತ್ತಾ?

ಸಾಧನಕೇರಿ_ಕುಂಚ

"ನಾನ್ ರಿಫಂಡಬಲ್" ಅನ್ನುತ್ತಿದ್ದಾರೆ. ಕಟ್ಟುವಾಗ ಹಾಗೆ ಎಲ್ಲೂ ಬರೆದಿರಲಿಲ್ಲ. ರಸೀದಿ ಇದೆ.

ವಕೀಲ_ಹಾವೇರಿ

ರಸೀದಿ ಇದ್ದರೆ ಸಾಕು. ಫೋನಿನಲ್ಲಿ ಮಾತು ಬೇಡ, ಇಮೇಲ್‌ನಲ್ಲಿ ಬರೆದು ಕೇಳಿ. ಉತ್ತರ ಬರದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಊರಿನಲ್ಲೇ ದೂರು ಕೊಡಬಹುದು, ಅವರ ಆಫೀಸ್ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಕಿಲ್ಲ. ಇಮೇಲ್ ಕರಡು ಬರೆದು ಕಳಿಸಿ, ನೋಡಿ ಕೊಡುತ್ತೇನೆ.